ದೇವರ ಕೋಣೆಯ ಒಂದು ಇಂಚು

ಮಧ್ಯಾಹ್ನ ಮೂರು ಗಂಟೆಗೆ ಫಿರ್ದೌಸ್ ದಾವಣಗೆರೆಯ ಒಂದು ಕಾಲೇಜಿನಲ್ಲಿ ‘ಡಿಜಿಟಲ್ ಆರ್ಕಿಟೆಕ್ಚರ್ ಓದಿದವರಿಗೆ ಮುಂದಿರುವ ಅವಕಾಶಗಳು’ ಎಂಬ ವಿಷಯದ ಮೇಲೆ ಮಾತಾಡಬೇಕಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಅವಳು ಅಬ್ಬಾನ ಮೊಪೆಡ್ಡಿನ ಹಿಂದೆ ಕೂತು ಹರಿಹರಕ್ಕೆ ಹೋಗುತ್ತಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ. ಚೀಲಕ್ಕೂ ಅಬ್ಬಾನ ಬೆನ್ನಿಗೂ ನಡುವೆ ರಸಮಟ್ಟ ಅಡ್ಡ ಸಿಕ್ಕಿಕೊಂಡು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅದರೊಳಗಿನ ಗುಳ್ಳೆ ಅತ್ತಿಂದಿತ್ತ ಓಡುವುದು ಕಾಣುತ್ತಿತ್ತು. ಭಾಷಣ ಬರೆದಾಗಿತ್ತು. ಈ ಕ್ಷೇತ್ರದಲ್ಲಿ ಅವಕಾಶಗಳಿಗೆ ಮಿತಿಯೆಂಬುದಿಲ್ಲ ಎಂದು ಮೊದಲನೆಯ ವಾಕ್ಯ ಬರೆದ ಮೇಲೆ ಅವಳು ಎದ್ದು ಹೋಗಿ, ಹಿತ್ತಲಲ್ಲಿ ಒಣಗಿದ್ದ ಬಟ್ಟೆ ತೆಗೆದು, ಮಡಿಸಿ, ಅಮ್ಮಿಯದು ಬೇರೆ ಅಬ್ಬಾನದು ಬೇರೆ ಇಟ್ಟು ಬಂದಿದ್ದಳು. ಆಮೇಲಿನದೆಲ್ಲ ಸುಲಭವಾಯಿತು, ಅದು ಅವಳು ಓದಿದ ಸಂಸ್ಥೆಯವರು ಮೊದಲ ದಿನ ಕೈಗೆ ಕೊಟ್ಟಿದ್ದ ಬಣ್ಣದ ಪುಸ್ತಿಕೆಯಲ್ಲೇ ಇತ್ತು. ಬೇಸಿಗೆಯಲ್ಲಿ ತಾನೇ ತೆರೆದುಕೊಂಡು ಮಳೆಯಲ್ಲಿ ತಾನೇ ಮುಚ್ಚಿಕೊಳ್ಳುವ ಚಾವಣಿಯೊಂದನ್ನು ಅವಳು ಎರಡು ವರ್ಷ ಕಂಪ್ಯೂಟರಿನಲ್ಲಿ ಕಟ್ಟಿ ಚಿನ್ನದ ಪದಕ ತಗೊಂಡಿದ್ದಳು. ಆ ಚಾವಣಿಯ ಕೆಳಗೆ ಗೋಡೆ ಇರಲಿಲ್ಲ. ಗೋಡೆ ಅವಳ ವಿಷಯವಾಗಿರಲಿಲ್ಲ.

ಮೂವತ್ತೆಂಟು ಕಡೆ ಅರ್ಜಿ ಹಾಕಿದ್ದಕ್ಕೆ ಎರಡು ಕಡೆಯಿಂದ ಉತ್ತರ ಬಂದಿತ್ತು. ಒಬ್ಬರು ಆರು ತಿಂಗಳು ಸಂಬಳವಿಲ್ಲದೆ ಬಂದು ಕಲಿಯಲು ಒಪ್ಪಿಗೆಯೇ ಎಂದು ಕೇಳಿದರು. ಇನ್ನೊಬ್ಬರು ಮದುವೆ ಮಂಟಪದ ಹಿಂದಿನ ಗೋಡೆಗೆ ಹೂವಿನ ವಿನ್ಯಾಸ ಬರುತ್ತದೆಯೇ ಎಂದು ಕೇಳಿದರು. ಸದ್ಯಕ್ಕೆಂದು ಮನೆಗೆ ಬಂದವಳು, ಆ ಸದ್ಯಕ್ಕೆ ಈಗ ಹತ್ತು ತಿಂಗಳಾಗಿ, ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ ಹಲ್ಲಿನ ಆಸ್ಪತ್ರೆಯ ಮೇಲಿದ್ದ ಎಂಜಿನಿಯರ್ ಮಹಾಂತೇಶರ ಆಫೀಸಿನಲ್ಲಿ ಕೂಡುತ್ತಿದ್ದಳು. ಅಲ್ಲಿ ಅವಳ ಕೆಲಸ, ಕಟ್ಟಬೇಕಾದ ಮನೆಯ ಮುಂಭಾಗ ಹೇಗೆ ಕಾಣುತ್ತದೆ ಎಂಬ ಚಿತ್ರ ಮಾಡುವುದು. ಚಿತ್ರದಲ್ಲಿ ಮನೆಯ ಮುಂದೆ ಒಂದು ಬಿಳಿ ಕಾರು ಇಡುವುದು ರೂಢಿ. ‘ನಮ್ಮದು ಕೆಂಪು ಕಾರ್ ಐತಲ್ರಿ’ ಎಂದು ಒಬ್ಬರು ಅಂದರೆ ಕೆಂಪು ಮಾಡುತ್ತಿದ್ದಳು. ‘ನಮ್ಮದು ಕಾರೇ ಇಲ್ಲ’ ಎಂದು ಇನ್ನೊಬ್ಬರು ಅಂದಾಗ ಕಾರು ತೆಗೆದಳು. ಅವರು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ‘ಇರ್ಲಿ ಬಿಡ್ರಿ, ಹಾಕ್ರಿ’ ಅಂದರು. ದಾರಿಯಲ್ಲಿ ಸಿಕ್ಕವರು ಮನೆ ಕಟ್ಟುವ ಮಿಸ್ತ್ರಿಯಾದ ಅಬ್ಬಾನನ್ನು ಕೇಳುತ್ತಿದ್ದರು: ‘ಮಗಳು ಏನು ಓದ್ಯಾಳೆ ಮಿಸ್ತ್ರಿ?’ ಅಬ್ಬಾ ಹೇಳುತ್ತಿದ್ದರು: ‘ಮನೆ ಕಟ್ಟೋದೇ. ಆದ್ರೆ ಕಂಪ್ಯೂಟರ್‌ನಾಗೆ.’ ‘ಕಂಪ್ಯೂಟರ್‌ನಾಗೆ ಕಟ್ಟಿದ್ರೆ ಇರೋದು ಎಲ್ಲಿ?’ ಅಬ್ಬಾ ನಗುತ್ತಿದ್ದರು. ಮೊಪೆಡ್ಡಿನ ಹಿಂದೆ ಅವಳೂ ಇದ್ದರೆ ಅವಳೂ ನಗುತ್ತಿದ್ದಳು. ಪದಕದ ಸಮಾರಂಭದ ಫೋಟೋದಲ್ಲಿ ಇರುವ ನಗುವೇ ಅದು.

ಓದಿದ್ದು ಒಂದೇ ಒಂದು ಸಲ ಉಪಯೋಗಕ್ಕೆ ಬಂದಿತ್ತು. ಅಬ್ಬಾನಿಗೆ, ಅಂದರೆ ಮುನಾಫ್ ಮಿಸ್ತ್ರಿಗೆ, ದಾವಣಗೆರೆ, ಹರಿಹರದ ಕಡೆ ಆಯ ತಪ್ಪದ ಮಿಸ್ತ್ರಿ ಎಂದು ಹೆಸರು. ಆಯ ಅಂದರೆ, ಕೋಣೆಯ ಉದ್ದ ಅಗಲವನ್ನು ಅಡಿಯಲ್ಲಿ ಗುಣಿಸಿ, ಎಂಟರಿಂದ ಭಾಗಿಸಿ, ಉಳಿಯುವ ಶೇಷ ಒಂದಾದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ. ಇವು ಒಳ್ಳೆಯವು. ಎರಡು ಧೂಮ, ನಾಲ್ಕು ಶ್ವಾನ, ಆರು ಖರ, ಶೇಷವೇ ಉಳಿಯದಿದ್ದರೆ ಕಾಕ. ಹೊಗೆ, ನಾಯಿ, ಕತ್ತೆ, ಕಾಗೆ. ಇವುಗಳ ಲೆಕ್ಕದ ಕೋಣೆಯಲ್ಲಿ ಹಿಂದೂ ಮನೆಯವರು ಇರಲು ಒಪ್ಪುವುದಿಲ್ಲ. ಅಬ್ಬಾನ ಅಬ್ಬಾ ಇದನ್ನು ಬಾಯಿಪಾಠ ಮಾಡಿದ್ದರು, ಅಬ್ಬಾ ಮಾಡಿದ್ದರು, ಫಿರ್ದೌಸ್ ಎಂಟು ವರ್ಷದವಳಿದ್ದಾಗ ಮರಳ ಗುಡ್ಡೆಯ ಮೇಲೆ ಕೂತು ಮಗ್ಗಿಯ ಜೊತೆಗೇ ಕಲಿತಿದ್ದಳು. ಆಫೀಸಿನಲ್ಲಿ ಕಾರಿನ ಬಣ್ಣ ಬದಲಾಯಿಸಿ ಬೇಸತ್ತ ಒಂದು ಮಧ್ಯಾಹ್ನ ಅವಳು ಒಂದು ಪ್ರೋಗ್ರಾಂ ಬರೆದಳು. ನಿವೇಶನದ ಅಳತೆ ಕೊಟ್ಟರೆ ಸಾಕು, ಎಲ್ಲ ಕೋಣೆಗಳ ಆಯವೂ ಸರಿಯಾಗಿರುವ ಸಾವಿರ ನಕ್ಷೆಗಳನ್ನು ಅದು ಒಂದು ನಿಮಿಷದಲ್ಲಿ ಹಾಕಿ ತೋರಿಸುತ್ತಿತ್ತು. ಮಹಾಂತೇಶರು ಅವತ್ತೇ ಒಂದು ದೊಡ್ಡ ಟೀವಿ ತರಿಸಿ ಗೋಡೆಗೆ ಹಾಕಿಸಿದರು. ಹರಿಹರದ ಕುಬೇರಪ್ಪ ಎಂಬ, ಬಸ್ ನಿಲ್ದಾಣದಲ್ಲಿ ಕಂಟ್ರೋಲರಾಗಿ ನಿವೃತ್ತರಾಗಿದ್ದ ಹಿರಿಯರು ಆ ಟೀವಿಯ ಮುಂದೆ ಕೂತು ಸಾವಿರದ ಇನ್ನೂರು ಮನೆ ನೋಡಿ, ಏಳುನೂರ ನಾಲ್ಕನೆಯದನ್ನು ಆರಿಸಿಕೊಂಡರು. ಕಟ್ಟಲು ಮುನಾಫ್ ಮಿಸ್ತ್ರಿಯೇ ಬೇಕು ಅಂದರು. ಅಪ್ಪ ಮಗಳು ಸೇರಿ ಕಟ್ಟಿದ ಮೊದಲನೆಯ ಮನೆ ಅದು. ಗೋಡೆ ಎದ್ದು, ಚಾವಣಿ ಹಾಕಿ, ಗೋಡೆಗೆ ಸಿಮೆಂಟಿನ ಗಿಲಾವು ಮುಗಿದು, ಬಣ್ಣ ಮಾತ್ರ ಬಾಕಿ ಇದ್ದಾಗ ಹೋದ ವಾರ ಮಂಗಳವಾರ ಕುಬೇರಪ್ಪನವರ ಫೋನು ಬಂತು. ದೇವರ ಕೋಣೆ ಶ್ವಾನಕ್ಕೆ ಬಿದ್ದಿದೆ ಎಂದು.

ಅವತ್ತು ಸಂಜೆಯೇ ಅವಳು ಪ್ರೋಗ್ರಾಂ ತೆಗೆದು ತಪ್ಪಾದ ಸಾಲನ್ನು ಕಂಡಿದ್ದಳು. ಹುಡುಕುವ ಶ್ರಮವೂ ಬೀಳಲಿಲ್ಲ; ತಾನೇ ಬರೆದದ್ದು. ಎದುರುಬದುರಿನ ಎರಡೂ ಗೋಡೆಗೆ ಅರ್ಧರ್ಧ ಇಂಚು ಗಿಲಾವು ಬೀಳುತ್ತದೆ, ಆದ್ದರಿಂದ ಇಟ್ಟಿಗೆ ಕಟ್ಟುವಾಗ ಕೋಣೆಯನ್ನು ಒಂದು ಇಂಚು ದೊಡ್ಡದಾಗಿಯೇ ಕಟ್ಟಬೇಕು. ಇದು ಅಬ್ಬಾ ಕಲಿಸಿದ್ದು. ಅಬ್ಬಾನ ಕೆಲಸ ಹಗುರಾಗಲಿ ಎಂದು ಅವಳು ಆ ಇಂಚನ್ನು ಪ್ರೋಗ್ರಾಮಿನಲ್ಲೇ ಕೂಡಿಸಿದ್ದಳು, ಹೇಳಿರಲಿಲ್ಲ. ನಕ್ಷೆ ಅಚ್ಚಾಗಿ ಬಂದದ್ದು ಮಿಲಿಮೀಟರಿನಲ್ಲಿ. ಅಡಿಯಲ್ಲಿ ಬಂದಿದ್ದರೆ ಐದಡಿ ಒಂದಿಂಚು ಎಂದು ಕಂಡ ಕೂಡಲೇ ಅಬ್ಬಾ ಇದೇನು ಎಂದು ಕೇಳುತ್ತಿದ್ದರು. ಸಾವಿರದ ಐನೂರ ನಲವತ್ತೊಂಬತ್ತು ಎಂಬ ಸಂಖ್ಯೆಯನ್ನು ಯಾರು ಏನೆಂದು ಕೇಳುತ್ತಾರೆ? ಟೇಪಿನ ಇನ್ನೊಂದು ಅಂಚಿನಲ್ಲಿ ಅದನ್ನು ಹುಡುಕಿ, ನಲವತ್ತು ವರ್ಷದ ಅಭ್ಯಾಸದಂತೆ, ಅವರೂ ಒಂದು ಇಂಚು ಬಿಟ್ಟು ದಾರ ಕಟ್ಟಿದ್ದರು. ಅವರೂ ಹೇಳಿರಲಿಲ್ಲ. ಹೇಳುವಂಥ ಮಾತೇ ಅಲ್ಲ ಅದು. ಉಳಿದ ಕೋಣೆಗಳು ಆ ಹೆಚ್ಚಿನ ಇಂಚಿನಿಂದ ಒಂದು ಒಳ್ಳೆಯ ಆಯ ಬಿಟ್ಟು ಇನ್ನೊಂದು ಒಳ್ಳೆಯ ಆಯಕ್ಕೆ ಹೋಗಿದ್ದವು. ಮಲಗುವ ಕೋಣೆ ಗಜ ಇದ್ದದ್ದು ಧ್ವಜವಾಗಿತ್ತು, ಯಾರಿಗೂ ನಷ್ಟವಿಲ್ಲ. ಐದಕ್ಕೆ ಏಳಡಿಯ ದೇವರ ಕೋಣೆ ಮಾತ್ರ, ಮೂವತ್ತೈದು ಇರಬೇಕಾದದ್ದು ಮೂವತ್ತಾರಾಗಿ, ಸಿಂಹದಿಂದ ನಾಯಿಗೆ ಇಳಿದಿತ್ತು. ಹೇಳಬೇಕೆಂದು ಅವಳು ಅಡುಗೆಮನೆಯವರೆಗೆ ಹೋದಳು. ಅಷ್ಟರಲ್ಲಿ ಮಹಾಂತೇಶರ ಫೋನು: ‘ಕಾಲೇಜಿನೋರು ಕೇಳ್ತಿದಾರೆ ಫಿರ್ದೌಸ್, ಆಯದ ಪ್ರೋಗ್ರಾಂ ಮಾಡಿದ ಹುಡುಗೀನೇ ಬಂದು ಮಾತಾಡ್ಲಿ ಅಂತ. ಅದ್ರಾಗೆ ತಪ್ಪೇ ಬರಲ್ಲ ಅಂತ ಹೇಳೇನಿ ನಾನು. ಹರಿಹರದ್ದು ಬಿಡ್ರಿ, ಅದು ಸೈಟಿನ ತಪ್ಪು. ಒಂದನೇ ತಾರೀಖಿನಿಂದ ಆಫೀಸಿನ ಬೋರ್ಡಿಗೆ ನಿಮ್ಮ ಹೆಸ್ರೂ ಹಾಕಿಸ್ತೀನಿ.’ ತಿರುಗಿ ಬರುವಾಗ ಅವಳ ಮನಸ್ಸು ಆ ಬೋರ್ಡಿನ ಅಕ್ಷರ ಎಷ್ಟು ದೊಡ್ಡದಿರಬಹುದು ಎಂದು ಲೆಕ್ಕ ಹಾಕುತ್ತಿತ್ತು. ಆಗ ಅವಳಿಗೆ ನಾಚಿಕೆಯಾಗಲಿಲ್ಲ. ನಾಚಿಕೆ ಮರುದಿನದಿಂದ ಶುರುವಾಯಿತು.

ಮರುದಿನ ಬೆಳಿಗ್ಗೆ ಅಬ್ಬಾ ಮಂಚ ಅಳೆಯುತ್ತಿದ್ದರು. ಒಂದು ತುದಿಯಲ್ಲಿ ಟೇಪಿನ ಕೊಕ್ಕೆ ಸಿಕ್ಕಿಸಿ, ಇನ್ನೊಂದು ತುದಿಗೆ ಬಂದು ಕನ್ನಡಕ ಏರಿಸಿ ನೋಡಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದು ಅದರ ಕೆಳಗೆ ಬರೆದರು. ಎರಡೂ ಒಂದೇ ಬಂದದ್ದಕ್ಕೆ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಮೇಲೆ ತಗಡಿನ ಟ್ರಂಕು, ಕಿಟಕಿ, ಅಮ್ಮಿ ರೊಟ್ಟಿ ಲಟ್ಟಿಸುವ ಮಣೆ. ‘ಮಣೆ ಕೊಡ್ರಿ ಇತ್ಲಾಗೆ, ಹಿಟ್ಟು ಒಣಗ್ತೈತೆ’ ಎಂದು ಅಮ್ಮಿ ಕಸಿದುಕೊಂಡಳು. ‘ನಸೀಮಾ, ನನ್ನ ಕೈ ಹೋಯ್ತು’ ಎಂದರು ಅಬ್ಬಾ, ಉಪ್ಪು ಮುಗಿಯಿತು ಎನ್ನುವ ಹಾಗೆ. ಅಮ್ಮಿ ಅವರ ಬಲಗೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇಲ್ಲೇ ಐತಲ್ಲ’ ಅಂದಳು. ಫಿರ್ದೌಸ್ ರೊಟ್ಟಿ ತಿನ್ನುತ್ತಿದ್ದಳು. ನುಂಗಿದ ಮೇಲೆ ಹೇಳೋಣ ಎಂದುಕೊಂಡಳು. ನುಂಗಿದ ಮೇಲೆ ಇನ್ನೊಂದು ತುತ್ತು ಮುರಿದಳು. ಹೀಗೆ ಒಂಬತ್ತು ದಿನ ಆಗಿತ್ತು. ನಿನ್ನೆ ಅಬ್ಬಾ ತಮ್ಮ ಜೊತೆಯ ಮಿಸ್ತ್ರಿ ಖಲೀಲನನ್ನು ಕರೆದು, ಹರಿಹರದ್ದು ಸರಿಮಾಡಿಕೊಟ್ಟ ಮೇಲೆ ಟೇಪು ನೀನೇ ಇಟ್ಟುಕೋ, ನಾನಿನ್ನು ಅಳತೆಗೆ ಬರುವುದಿಲ್ಲ ಎಂದಿದ್ದರು. ಖಲೀಲ್ ಅತ್ತ. ಅಬ್ಬಾ ಅವನಿಗೆ ಚಹಾ ಕೊಡಿಸಿ ಕಳಿಸಿದರು.

‘ಅಲ್ಲಿ ನೀನು ಬಾಯಿ ಬಿಡಬ್ಯಾಡ ಬೇಟಾ’ ಎಂದರು ಅಬ್ಬಾ, ಮೊಪೆಡ್ಡಿನ ವೇಗ ಇಳಿಸಿ, ತಲೆ ಅರ್ಧ ತಿರುಗಿಸಿ. ‘ನಿನ್ನದು ಇನ್ನೂ ಶುರು. ನಂದು ಮುಗೀತು. ಒಂದು ಮಾತಿನಾಗೆ ಮುಗಿಸಿ ಬರೋಣ.’

‘ಅಬ್ಬಾ.’

‘ಏನು?’

‘ಲಾರಿ ಬರ್ತೈತೆ, ಮುಂದೆ ನೋಡ್ರಿ.’

ಲಾರಿ ಹೋಯಿತು. ಅದರ ಹಿಂದಿನ ದೂಳಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಈ ಕ್ಷೇತ್ರದಲ್ಲಿ ಅವಕಾಶಗಳಿಗೆ ಮಿತಿಯೆಂಬುದಿಲ್ಲ. ವಿದ್ಯಾರ್ಥಿಗಳು ಪ್ರಶ್ನೆ ಕೇಳಿದರೆ ಏನು ಹೇಳುವುದೆಂದು ಅವಳು ಯೋಚಿಸಿರಲಿಲ್ಲ. ಯಾರೂ ಕೇಳುವುದಿಲ್ಲ. ಅವಳ ಕಾಲದಲ್ಲಿ ಹೀಗೆ ಬಂದು ಮಾತಾಡಿದವರೊಬ್ಬರನ್ನು ಅವಳೇ ಎದ್ದು ಕೇಳಿದ್ದಳು, ಸರ್, ನೀವು ಈಗ ಏನು ಮಾಡುತ್ತೀರಿ ಎಂದು. ಅವರು ನಕ್ಕು, ಒಳ್ಳೆಯ ಪ್ರಶ್ನೆ ಎಂದು ನೀರು ಕುಡಿದಿದ್ದರು.

ಹೊಸ ಬಡಾವಣೆಯ ಕೊನೆಯಲ್ಲಿ, ನದಿಯ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ ಏಳುನೂರ ನಾಲ್ಕನೆಯ ಮನೆ ನಿಂತಿತ್ತು. ಟೀವಿಯಲ್ಲಿ ಕಂಡದ್ದಕ್ಕಿಂತ ಸಣ್ಣದಾಗಿ ಕಂಡಿತು. ಪಡಸಾಲೆಯಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಬೇರಪ್ಪ, ಅವರ ಹೆಂಡತಿ ಭೀಮವ್ವ, ಮತ್ತೆ ಭೀಮವ್ವನ ಅಣ್ಣ, ಕುಕ್ಕುವಾಡದಿಂದ ಬಂದಿದ್ದ ಅಜ್ಜಯ್ಯ ಕೂತಿದ್ದರು. ಅಜ್ಜಯ್ಯನ ಕೈಯಲ್ಲಿ ಮಡಿಸುವ ಮರದ ಅಡಿಕೋಲು ಇತ್ತು. ತಪ್ಪು ಹಿಡಿದವರು ಅವರೇ. ಬಾಗಿಲ ಹೊರಗೆ ಕೆಲಸದವರು ನಾಲ್ಕು ಜನ ಸುಮ್ಮನೆ ನಿಂತಿದ್ದರು. ಎಂಟು ವರ್ಷದಿಂದ ಅಬ್ಬಾನ ಕೈಕೆಳಗೆ ಇದ್ದವರು, ಇವತ್ತು ನೆಲ ನೋಡುತ್ತಿದ್ದರು.

‘ಬರ್ರಿ ಮಿಸ್ತ್ರಿ. ಕೂಡ್ರಿ’ ಎಂದರು ಕುಬೇರಪ್ಪ. ಕೂಡಲು ನಾಲ್ಕನೆಯ ಕುರ್ಚಿ ಇರಲಿಲ್ಲ.

ಅಜ್ಜಯ್ಯ ಎದ್ದು, ಎಲ್ಲರನ್ನೂ ದೇವರ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗಿ, ಅಡಿಕೋಲನ್ನು ಒಂದೊಂದೇ ಮಡಿಕೆ ಬಿಚ್ಚಿ ಇಟ್ಟು ತೋರಿಸಿದರು. ‘ಐದಡಿ ಒಂದಿಂಚು. ಇತ್ಲಾಗೆ ಏಳಡಿ ಒಂದಿಂಚು. ಗುಣಿಸಿದ್ರೆ ಮೂವತ್ತಾರು. ಎಂಟು ನಾಕ್ಲಿ ಮೂವತ್ತೆರಡು ತಗೀರಿ. ಉಳೀತು ನಾಕು.’ ಅವರ ದನಿಯಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ‘ಶ್ವಾನ.’

‘ಹಾಲು ಉಕ್ಕಿಸೋ ದಿನ ಗೊತ್ತು ಮಾಡೇವಿ ಮುನಾಫಣ್ಣ, ಕಾರ್ಡು ಹಂಚೇವಿ’ ಎಂದರು ಭೀಮವ್ವ. ‘ಬ್ಯಾರೆ ಯಾವ ಕೋಣೆ ಆಗಿದ್ರೂ ನಾನು ಬಾಯಿ ಬಿಡ್ತಿರ್ಲಿಲ್ಲ. ದೇವ್ರ ಕೋಣೆ ನೋಡು.’

‘ತಪ್ಪು ನಂದೇ ಅಕ್ಕಾ’ ಎಂದರು ಅಬ್ಬಾ. ಇದನ್ನು ಅವರು ಮನೆಯಿಂದಲೇ ಸಿದ್ಧ ಮಾಡಿಕೊಂಡು ಬಂದದ್ದು ಅವಳಿಗೆ ಗೊತ್ತಾಯಿತು. ‘ಹೆಂಗಾತೋ ಗೊತ್ತಿಲ್ಲ. ಕೈ ಒಂದಿಂಚು ಆಚೆ ಹೋಗೈತೆ. ನಾಕೂ ಗೋಡೆಗೆ ಹೊಸದು ಹಿಡಿಯೋ ಹಂಗೆ ಕಚ್ಚು ಹೊಡೆದು ಅರ್ಧರ್ಧ ಇಂಚು ಮತ್ತೆ ಗಿಲಾವು ಏರಿಸಿ ಕೊಡ್ತೀನಿ. ಮೂವತ್ತೈದಕ್ಕೇ ಬರ್ತೈತೆ, ಸಿಂಹಕ್ಕೆ. ಇದಾದ ಮೇಲೆ ಟೇಪು ಖಲೀಲ್ ಹಿಡೀತಾನೆ.’

ಕುಬೇರಪ್ಪ ಒಳ್ಳೆಯ ಮನುಷ್ಯ. ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅಬ್ಬಾನ ಹೆಗಲ ಮೇಲೆ ಕೈ ಇಟ್ಟರು. ‘ಹೋಗ್ಲಿ ಬಿಡ್ರಿ ಮಿಸ್ತ್ರಿ. ನಮ್ಮಲ್ಲಿ ಅರವತ್ತಕ್ಕೆ ಡ್ರೈವರ್ ಕೈಯಿಂದ ಸ್ಟೇರಿಂಗ್ ಬಿಡಿಸ್ತಾರೆ. ಯಾಕ? ಅವನು ಕೆಟ್ಟೋನು ಅಂತಲ್ಲ. ಟೈಮು. ನಿಮ್ಮ ಪುಣ್ಯ, ಮಗಳು ಅದಾಳೆ. ಇನ್ಮೇಲೆ ಅವ್ಳು ಹಾಕಿಕೊಟ್ಟಂಗೆ ಕಟ್ಟಿ ಬಿಡ್ರಿ, ನಿಮ್ಮ ತಲೆ ಓಡಿಸಬ್ಯಾಡ್ರಿ. ಕಂಪ್ಯೂಟರಿಗೆ ವಯಸ್ಸಾಗಲ್ಲ ನೋಡ್ರಿ.’ ಬಾಗಿಲ ಹೊರಗಿನ ನಾಲ್ವರಲ್ಲಿ ಒಬ್ಬ ಕೆಮ್ಮಿದ. ಅಬ್ಬಾ ‘ಹೌದು, ಹೌದು’ ಎಂದರು. ಅವರ ಕುತ್ತಿಗೆಯ ಹಿಂದೆ, ಅಂಗಿಯ ಕಾಲರಿಗೂ ಕೂದಲಿಗೂ ನಡುವೆ, ಯಾವತ್ತೋ ಬಿದ್ದ ಒಂದು ಸುಣ್ಣದ ಚುಕ್ಕೆ ಇತ್ತು. ಫಿರ್ದೌಸ್ ಅದನ್ನೇ ನೋಡುತ್ತ, ಬೇರೆ ಯಾರೋ ಮಾತಾಡುತ್ತಿದ್ದಾರೆ ಎಂದುಕೊಂಡಳು. ಮಾತಾಡುತ್ತಿದ್ದವಳು ಅವಳೇ.

‘ತಪ್ಪು ಅಬ್ಬಾಂದು ಅಲ್ಲ. ನಂದು. ಪ್ರೋಗ್ರಾಂನಾಗೆ ನಾನೇ ಒಂದು ಇಂಚು ಹೆಚ್ಚಿಗೆ ಕೂಡಿಸಿದ್ದೆ. ಅಬ್ಬಾನಿಗೆ ಹೇಳಿರಲಿಲ್ಲ.’

ಭೀಮವ್ವ ಬಂದು ಅವಳ ಗದ್ದ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

‘ಅಯ್ಯೋ ನನ್ನವ್ವ. ನೋಡ್ರಿ ಇಲ್ಲಿ, ಅಪ್ಪನ ಮೇಲೆ ಮಾತು ಬರಬಾರದು ಅಂತ ತನ್ನ ತಲಿ ಮೇಲೆ ಹಾಕ್ಕೊಂತಾಳೆ. ನಮ್ಮ ಮಗ ಮಾರುತಿ ಇಂಥ ಮಾತು ಒಂದು ದಿನ ಆಡ್ಯಾನೇನ್ರಿ?’

‘ಅವನು ನಂದು ಅನ್ನೋದು ಮೊಬೈಲಿಗೆ ಮಾತ್ರ’ ಎಂದರು ಕುಬೇರಪ್ಪ. ‘ಹೆತ್ತರೆ ಇಂಥ ಮಗಳ್ನ ಹೆರಬೇಕು ಮಿಸ್ತ್ರಿ.’

‘ಇಲ್ಲ ಅಂಕಲ್, ನಿಜ. ತೋರಿಸ್ತೀನಿ.’ ಅವಳು ಸಿಮೆಂಟಿನ ಚೀಲಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದು ಆ ಸಾಲಿಗೆ ಬೆರಳಿಟ್ಟಳು. ಕುಬೇರಪ್ಪ ಬಗ್ಗಿ ನೋಡಿದರು. ಅಜ್ಜಯ್ಯ ಬಗ್ಗಿ ನೋಡಿದರು. ‘ಎಷ್ಟು ಸಣ್ಣ ಅಕ್ಷರ ಬರ್ದಾಳೆ’ ಎಂದರು ಅಜ್ಜಯ್ಯ, ಮೆಚ್ಚುಗೆಯಿಂದ. ಭೀಮವ್ವ ಹೊರಗಿನವರಲ್ಲಿ ಒಬ್ಬನನ್ನು ಕರೆದು, ಚಹಾ ತರುವಾಗ ಈ ಹುಡುಗಿಗೆ ಬಿಸ್ಕಿಟು ತರಲು ಹೇಳಿದರು. ‘ಚುಪ್, ಬೇಟಾ’ ಎಂದರು ಅಬ್ಬಾ ಮೆಲ್ಲಗೆ. ಅವರೂ ನಂಬಿರಲಿಲ್ಲ. ಅವರ ಮುಖದಲ್ಲಿ ಹೆಮ್ಮೆಯಿತ್ತು; ಆ ಹೆಮ್ಮೆಯನ್ನು ಕಂಡು ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಒಂಬತ್ತು ದಿನ ಕಷ್ಟಪಟ್ಟು ಮುಚ್ಚಿಟ್ಟ ಮಾತು ಅದು. ಹೊರಗೆ ಹಾಕಿದರೆ ತಾನು ಸಣ್ಣವಳಾಗುತ್ತೇನೆ ಎಂದುಕೊಂಡಿದ್ದಳು. ಹೊರಗೆ ಹಾಕಿದ ಮೇಲೆ ತಾನು ದೊಡ್ಡವಳಾಗಿ, ಅಬ್ಬಾ ಇನ್ನಷ್ಟು ಮುದುಕರಾಗಿ, ಬಿಸ್ಕಿಟು ಬರುತ್ತಿತ್ತು. ಸುಮ್ಮನಿದ್ದರೆ ಇಲ್ಲಿಗೇ ಮುಗಿಯುತ್ತದೆ ಎಂಬುದೂ ಅವಳಿಗೆ ಹೊಳೆಯಿತು. ಹೇಳಿದ್ದೂ ಆಯಿತು, ಯಾರೂ ನಂಬದೆ ಬೋರ್ಡೂ ಉಳಿಯಿತು. ಇಂಥ ಅನುಕೂಲ ಜೀವನದಲ್ಲಿ ಎಷ್ಟು ಸಲ ಬರುತ್ತದೆ? ಅವಳು ಒಂದು ಬಿಸ್ಕಿಟು ತಿಂದಳು. ಅದು ಚೆನ್ನಾಗಿಯೇ ಇತ್ತು. ಅಬ್ಬಾ ಹೊರಗೆ ಹೋಗಿ, ಖಲೀಲ್ ಬಂದನೇ ಎಂದು ರಸ್ತೆಯ ಕಡೆ ನೋಡಿ, ಸೊಂಟದಿಂದ ಟೇಪು ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಇನ್ನೊಬ್ಬರಿಗೆ ಕೊಡುವ ಸಾಮಾನನ್ನು ಒರೆಸುವ ಹಾಗೆ.

ಅವಳು ಎದ್ದು ಹೋಗಿ ಟೇಪಿನ ಕೊಕ್ಕೆ ಹಿಡಿದುಕೊಂಡಳು. ‘ಅಬ್ಬಾ, ಬರ್ರಿ. ಉಳಿದ ಕೋಣೆ ಅಳೆಯೋಣ.’

‘ಯಾಕ?’ ಅಬ್ಬಾ ಹೆದರಿದರು. ‘ಅವೂ ಕೆಟ್ಟಾವಾ?’

‘ಅಳೀರಿ, ಗೊತ್ತಾಗ್ತೈತೆ.’

ಮಲಗುವ ಕೋಣೆಯಲ್ಲಿ ಅವಳು ಒಂದು ಗೋಡೆಗೆ ಕೊಕ್ಕೆ ಒತ್ತಿ ಹಿಡಿದಳು. ಅಬ್ಬಾ ಟೇಪು ಬಿಡುತ್ತ ಇನ್ನೊಂದು ಗೋಡೆಗೆ ಹೋದರು. ‘ನೀನೇ ಬಂದು ಓದು, ನನ್ನ ಕಣ್ಣೂ ಸರಿ ಇಲ್ಲ’ ಎಂದರು. ‘ನೀವೇ ಓದ್ರಿ’ ಎಂದಳು. ಹನ್ನೊಂದಡಿ ಒಂದಿಂಚು. ಅಡ್ಡಕ್ಕೆ ಹದಿಮೂರಡಿ ಒಂದಿಂಚು. ಅಡುಗೆಮನೆ, ಒಂಬತ್ತಡಿ ಒಂದಿಂಚು. ಬಚ್ಚಲು, ಐದಡಿ ಒಂದಿಂಚು. ಅಬ್ಬಾನ ನಡಿಗೆ ಮೊದಲು ನಿಧಾನವಾಯಿತು, ಆಮೇಲೆ ಜೋರಾಯಿತು. ಎರಡನೆಯ ಮಲಗುವ ಕೋಣೆಗೆ ಹೋಗುವಾಗ ಅವರೇ ಮುಂದಿದ್ದರು, ಟೇಪಿನ ಇನ್ನೊಂದು ತುದಿಗೆ ಅವಳು ಸಿಕ್ಕಿಕೊಂಡು ಹಿಂದೆ ಬಂದಳು. ‘ಇಲ್ಲೂ ಒಂದೇ ಇಂಚು ಇರ್ತೈತೆ ನೋಡು’ ಎಂದರು, ಅಳೆಯುವ ಮೊದಲೇ. ಇತ್ತು. ಉಗ್ರಾಣದಲ್ಲೂ ಇತ್ತು. ಉಗ್ರಾಣದ ಕತ್ತಲಲ್ಲಿ ಅಬ್ಬಾ ಟೇಪನ್ನು ಸುತ್ತದೆ ನಿಂತುಕೊಂಡರು.

‘ಕೈ ತಪ್ಪಿದ್ರೆ ಒಂದು ಕಡೆ ಹೆಚ್ಚಾಗಬೇಕು, ಒಂದು ಕಡೆ ಕಮ್ಮಿ ಆಗಬೇಕು’ ಎಂದರು. ‘ಹನ್ನೆರಡು ಅಳತೆ. ಹನ್ನೆರಡರಾಗೂ ಅದೇ ಒಂದಿಂಚು. ಕೂದಲೆಳೆ ಆಚೆ ಈಚೆ ಇಲ್ಲ.’

‘ಅದನ್ನೇ ಹೇಳಿದ್ದು ನಾನು.’

‘ಎಲ್ಲಿ ಕೂಡಿಸಿದ್ದೆ?’

‘ಗಿಲಾವಿಗೆ ಅಂತ.’

‘ಗಿಲಾವಿಗೆ ನಾನು ಬಿಡ್ತೀನಲ್ಲ.’

‘ಗೊತ್ತು. ನಿಮ್ಮಿಂದನೇ ಕಲಿತಿದ್ದು.’

ಅಬ್ಬಾ ನಕ್ಕರು. ಒಂಬತ್ತು ದಿನದಲ್ಲಿ ಮೊದಲನೆಯ ಸಲ, ಹಲ್ಲು ಕಾಣುವ ಹಾಗೆ. ಬಲಗೈಯನ್ನು ಬೆಳಕಿನ ಕಡೆ ಹಿಡಿದು, ಬೆರಳು ಅಗಲಿಸಿ, ಮಡಿಸಿ ನೋಡಿದರು. ಆಮೇಲೆ ಆ ಕೈ ಹಾಗೇ ನಿಂತಿತು.

‘ನಿಂಗೆ ಯಾವಾಗ ಗೊತ್ತಾತು?’

‘ಹೋದ ವಾರ. ಮಂಗಳವಾರ.’

ಅಬ್ಬಾ ಬೆರಳಲ್ಲಿ ಎಣಿಸಿದರು. ಎಣಿಸಲು ಸ್ವಲ್ಪ ಹೊತ್ತು ತಗೊಂಡರು.

‘ನಾನು ಮಂಚ ಅಳೆಯೋವಾಗ ಗೊತ್ತಿತ್ತಾ?’

‘ಗೊತ್ತಿತ್ತು.’

‘ರೊಟ್ಟಿ ಮಣೆ?’

‘ಗೊತ್ತಿತ್ತು ಅಬ್ಬಾ.’

ಅವರು ಬೈಯಲಿಲ್ಲ. ಟೇಪು ಸರ್ರನೆ ಒಳಗೆ ಸುತ್ತಿಕೊಂಡು ಟಕ್ ಎಂದಿತು, ಕೊಕ್ಕೆ ಅವಳ ಬೆರಳು ಸವರಿಕೊಂಡು ಹೋಯಿತು. ಅಬ್ಬಾ ಉಗ್ರಾಣದಿಂದ ಪಡಸಾಲೆಗೆ ಹೋದರು. ಅವರು ಹೋದ ನಡಿಗೆಯನ್ನು ಅವಳು ಚಿಕ್ಕವಳಿದ್ದಾಗ ಎಷ್ಟೋ ಸಲ ನೋಡಿದ್ದಳು. ಗೋಡೆ ಡೊಂಕಾಗಿದೆ ಎಂದು ಯಾರಾದರೂ ಸುಳ್ಳು ಹೇಳಿದರೆ ತೂಕದ ಗುಂಡು ಹಿಡಿದು ಹಾಗೆ ಹೋಗುತ್ತಿದ್ದರು.

‘ಕುಬೇರಪ್ಪಣ್ಣ’ ಎಂದರು ಅಬ್ಬಾ, ಹೊರಗಿನ ನಾಲ್ವರಿಗೂ ಕೇಳುವ ದನಿಯಲ್ಲಿ. ‘ತಪ್ಪು ನನ್ನ ಮಗಳದೇ. ನನ್ನ ಕೈ ಸರಿ ಐತೆ. ಬೇಕಾದ್ರೆ ಅಜ್ಜಯ್ಯ ಇನ್ನೊಂದು ಸಲ ಅಳೀಲಿ, ಎಲ್ಲಾ ಕೋಣೆ.’

ಅವರು ಅವಳನ್ನು ಕಾಪಾಡುವ ಒಂದು ಮಾತನ್ನಾದರೂ ಸೇರಿಸುತ್ತಾರೆ ಎಂದು ಅವಳು ಉಗ್ರಾಣದ ಬಾಗಿಲಲ್ಲಿ ಕಾದಳು. ಗೊತ್ತಿಲ್ಲದೆ ಮಾಡಿದ್ದಾಳೆ, ಚಿಕ್ಕವಳು, ನನಗೆ ಸಹಾಯ ಮಾಡಲು ಹೋಗಿ ಆದದ್ದು, ಹೀಗೆ ಏನಾದರೂ. ಅಬ್ಬಾ ಸೇರಿಸಲಿಲ್ಲ. ಅಜ್ಜಯ್ಯ ಅಡಿಕೋಲು ಬಿಚ್ಚಿಕೊಂಡು ಒಳಗೆ ಹೋಗಿ ಬಂದು ತಲೆ ಆಡಿಸಿದರು. ಅವಳು ಹೇಳಿದಾಗ ನಂಬದಿದ್ದವರು ಅಬ್ಬಾ ಹೇಳಿದ್ದನ್ನು ಚಹಾ ಆರುವುದರೊಳಗೆ ನಂಬಿದರು. ಭೀಮವ್ವ ಅವಳ ಮುಖವನ್ನು, ಸ್ವಲ್ಪ ಹೊತ್ತಿಗೆ ಮುಂಚೆ ಹಿಡಿದಿದ್ದ ಗದ್ದವನ್ನು, ಅಂಗಡಿಯಲ್ಲಿ ತಗೊಂಡ ಸಾಮಾನನ್ನು ಮನೆಯಲ್ಲಿ ಬಿಚ್ಚಿ ನೋಡುವ ಹಾಗೆ ನೋಡಿದರು. ಬಿಸ್ಕಿಟಿನ ಪೊಟ್ಟಣ ಕುರ್ಚಿಯ ಮೇಲೆ ಹಾಗೇ ಇತ್ತು. ಇನ್ನೊಂದು ತಗೋ ಎಂದು ಯಾರೂ ಅನ್ನಲಿಲ್ಲ.

ಕುಬೇರಪ್ಪ ಮಹಾಂತೇಶರಿಗೆ ಫೋನು ಹಚ್ಚಿದರು. ಬಸ್ ನಿಲ್ದಾಣದಲ್ಲಿ ಕೂಗಿ ಅಭ್ಯಾಸವಾದ ದನಿ. ‘ಎಂಜಿನಿಯರೇ, ನಿಮ್ಮ ಟೀವಿನಾಗೆ ಸಿಂಹ ತೋರಿಸಿ ನಮ್ಮ ಮನೆಗೆ ನಾಯಿ ಕಳಿಸೀರಿ. ಮಿಸ್ತ್ರೀದೇನೂ ಇಲ್ಲ. ಹಾಂ, ಹುಡುಗೀದೇ. ಅವರಪ್ಪನೇ ಹೇಳಿದ್ರು, ಇನ್ನೇನು ಬೇಕು?’ ಆಮೇಲೆ ಫೋನನ್ನು ಅವಳಿಗೆ ಕೊಟ್ಟರು. ಮಹಾಂತೇಶರು ಬಹಳ ಮೆದುವಾಗಿ ಮಾತಾಡಿದರು. ‘ಫಿರ್ದೌಸ್, ಇವತ್ತು ನಿಮ್ಗೆ ಅಲ್ಲೇ ಹೊತ್ತಾಗ್ತೈತೆ. ಕಾಲೇಜಿಗೆ ನಾನೇ ಹೋಗಿ ಮಾತಾಡ್ತೀನಿ ಬಿಡ್ರಿ. ನೀವು ಬರ್ದಿರೋದು ವಾಟ್ಸಾಪ್ ಮಾಡ್ರಿ. ಬೋರ್ಡಿಂದು ಆಮೇಲೆ ನೋಡೋಣ.’ ಅವಳು ಹೊರಗೆ ಬಂದು, ಜಲ್ಲಿಯ ಗುಡ್ಡೆಯ ನೆರಳಲ್ಲಿ ನಿಂತು, ಭಾಷಣವನ್ನು ಕಳಿಸಿದಳು. ಎರಡು ನೀಲಿ ಗೆರೆ ಬಂದವು. ಮೂರನೆಯ ಪುಟದಲ್ಲಿ ‘ಸ್ವತಃ ನಾನು’ ಎಂದು ಇದ್ದ ಕಡೆ ಬದಲಾಯಿಸಿಕೊಳ್ಳಿ ಎಂದು ಕೆಳಗೆ ಬರೆದಳು. ಹೆಬ್ಬೆಟ್ಟು ಎತ್ತಿ ತೋರಿಸುವ ಚಿತ್ರ ಬಂತು.

ಒಳಗೆ ಗೋಡೆಗೆ ಕಚ್ಚು ಹೊಡೆಯುವ ಸದ್ದು ಶುರುವಾಯಿತು. ತಾನು ಬಯಸಿದ್ದು ಇದೇ ಅಲ್ಲವೇ ಎಂದು ಅವಳು ತನ್ನನ್ನು ಕೇಳಿಕೊಂಡಳು. ಅಬ್ಬಾನ ದನಿ ಕೇಳುತ್ತಿತ್ತು: ‘ಏ ಕೊಟ್ಟೂರೇಶ, ಅದೇನು ಕಚ್ಚು ಹೊಡೀತೀಯೋ, ಗೋಡೆಗೆ ಕಚಗುಳಿ ಇಡ್ತೀಯೋ?’ ನಾಲ್ವರೂ ನಕ್ಕರು. ಅಷ್ಟರಲ್ಲಿ ಬಂದ ಖಲೀಲನಿಗೆ ಅಬ್ಬಾ ಟೇಪು ಕೊಡಲಿಲ್ಲ. ಸಿಮೆಂಟು ಕಲಸಲು ಹೇಳಿದರು. ಖಲೀಲ್ ಮೊಣಕೈವರೆಗೆ ತೋಳು ಮಡಿಸಿಕೊಂಡು, ಬಹಳ ಖುಷಿಯಿಂದ ಕಲಸಿದ. ಬಯಸಿದ್ದು ಇದೇ. ಆದರೆ ಅವಳು ಬಯಸಿದ್ದರಲ್ಲಿ, ಹೇಳಿದ ಮೇಲೆ ಯಾರಾದರೂ ಪರವಾಗಿಲ್ಲ ಅನ್ನುವುದೂ ಸೇರಿತ್ತು. ಅದು ಸೇರಿದೆ ಎಂದು ಅವಳಿಗೆ ಈಗ ತಿಳಿಯಿತು. ಅವಳು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೋದಳು. ಬೇರೆಲ್ಲಿಗೂ ಹೋಗುವುದಿರಲಿಲ್ಲ, ಮೂರು ಗಂಟೆಯೂ ಈಗ ಇನ್ನೊಬ್ಬರದಾಗಿತ್ತು.

ದೇವರ ಕೋಣೆಯ ನಾಲ್ಕೂ ಗೋಡೆಗೆ ಅಬ್ಬಾ ಅಲ್ಲಲ್ಲಿ ಸಿಮೆಂಟಿನ ಬೊಟ್ಟು ಇಟ್ಟಿದ್ದರು. ಹೊಸ ಗಿಲಾವು ಎಷ್ಟು ದಪ್ಪ ಬರಬೇಕೆಂದು ಗುರುತಿಗೆ ಇಡುವ ಬೊಟ್ಟು ಅವು. ಬೊಟ್ಟಿನಿಂದ ಎದುರು ಬೊಟ್ಟಿಗೆ ಅಳತೆ ಸರಿ ಬಂದರೆ ಕೋಣೆ ಸರಿ. ಬಾಗಿಲಲ್ಲಿ ಅಜ್ಜಯ್ಯ, ಕುಬೇರಪ್ಪ ನಿಂತಿದ್ದರು. ಅಬ್ಬಾ ಅವಳ ಕಡೆ ನೋಡದೆ ಟೇಪಿನ ಪೆಟ್ಟಿಗೆಯನ್ನು ಅವಳಿಗೆ ದಾಟಿಸಿ, ತಾವು ಕೊಕ್ಕೆಯ ತುದಿ ಹಿಡಿದು ಆಚೆ ಗೋಡೆಗೆ ಹೋದರು. ಎಂಟು ವರ್ಷದವಳಿದ್ದಾಗಿನಿಂದ ಅವಳು ಹೀಗೆ ಓದಿ ಹೇಳಿದ್ದಳು; ಅವಳು ಹೇಳಿದ ಸಂಖ್ಯೆಯನ್ನು ಅಬ್ಬಾ ಗೋಡೆಯ ಕಡೆ ಮುಖ ಮಾಡಿಕೊಂಡೇ ಹಾಗೇ ಬರೆದುಕೊಳ್ಳುತ್ತಿದ್ದರು. ಅವಳು ಟೇಪನ್ನು ಬೊಟ್ಟಿಗೆ ತಾಗಿಸಿ, ಬಗ್ಗಿ, ಉಸಿರು ಹಿಡಿದು ನೋಡಿದಳು. ಇಷ್ಟು ಎಚ್ಚರಿಕೆಯಿಂದ ಅವಳು ಯಾವುದನ್ನೂ ಓದಿರಲಿಲ್ಲ.

‘ಐದು ಅಡಿ’ ಎಂದಳು. ‘ಸರಿಯಾಗಿ ಐದು.’

ಅಬ್ಬಾ ಪೆನ್ಸಿಲ್ ತೆಗೆಯಲಿಲ್ಲ. ಕೊಕ್ಕೆಯ ತುದಿಯನ್ನು ಖಲೀಲನ ಕೈಗೆ ಕೊಟ್ಟು, ಜೇಬಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಆ ಐದು ಅಡಿಯನ್ನು ದಾಟಿ ಅವಳ ಹತ್ತಿರ ಬಂದರು. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು. ಅವರು ಬಗ್ಗಿ ನೋಡಿದರು.

‘ಐದು’ ಎಂದರು ಅಬ್ಬಾ, ಆಮೇಲೆ ಬರೆದುಕೊಂಡರು.